ಮಗ್ಗುಲಾದರೆ ಮನೆಯೇ ತಿರುಗುತ್ತದೆಯೇ? ತಲೆಸುತ್ತಿನ ಮೂಲ ಹುಡುಕುವ ಕೈಪಿಡಿ

ತಿಪಟೂರಿನ ನಮ್ಮ ದೊಡ್ಡಮ್ಮ ನಾಲ್ಕು ತಿಂಗಳು ಕತ್ತಿಗೆ ಕಾಲರ್ ಹಾಕಿಕೊಂಡು ಓಡಾಡಿದರು. ಸೆಕೆಗೆ ಕತ್ತಿನ ಸುತ್ತ ಬೆವರುಸಾಲೆ ಎದ್ದಿತ್ತು. ಕ್ಲಿನಿಕ್ ಒಂದರಲ್ಲಿ ಎಕ್ಸ್‌ರೇ ತೆಗೆದು, "ಕತ್ತಿನ ಮೂಳೆ ಸವೆದಿದೆ, ಅದಕ್ಕೇ ತಲೆ ಸುತ್ತು ಬರೋದು" ಎಂದಿದ್ದರಂತೆ. ಅರವತ್ತು ದಾಟಿದವರ ಕತ್ತಿನ ಎಕ್ಸ್‌ರೇ ತೆಗೆದರೆ ಹೆಚ್ಚುಕಮ್ಮಿ ಎಲ್ಲರಲ್ಲೂ ಒಂದಿಷ್ಟು ಸವೆತ ಕಾಣುತ್ತದೆ. ತಲೆ ಸುತ್ತದವರಲ್ಲೂ ಕಾಣುತ್ತದೆ. ಸವೆತ ಕಂಡಿತು ಎಂದ ಮಾತ್ರಕ್ಕೆ ದೋಷ ಅಲ್ಲೇ ಇದೆ ಎಂದು ಹೇಳಲು ಬರುವುದಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಗೌರಿ ಹಬ್ಬಕ್ಕೆ ಅವರ ಮನೆಗೆ ಹೋದಾಗ ಎರಡೇ ಪ್ರಶ್ನೆ ಕೇಳಿದೆ. ಏನು ಮಾಡುವಾಗ ಬರುತ್ತೆ ದೊಡ್ಡಮ್ಮ? ಬಂದರೆ ಎಷ್ಟು ಹೊತ್ತು ಇರುತ್ತೆ?

"ಹಾಸಿಗೇಲಿ ಎಡಕ್ಕೆ ಮಗ್ಗುಲಾದ್ರೆ ಸಾಕು ಮಗಾ, ಮನೆನೇ ಗಿರಗಿರ ಅನ್ನುತ್ತೆ. ಮಂಚದ ಪಟ್ಟಿ ಗಟ್ಟಿಯಾಗಿ ಹಿಡ್ಕೊಂಡು ಕಣ್ಮುಚ್ಚಿ ರಾಮ ರಾಮ ಅಂತಿರ್ತೀನಿ. ಇಪ್ಪತ್ತು ಸಲ ಹೇಳೋ ಹೊತ್ತಿಗೆ ನಿಲ್ಲುತ್ತೆ. ಆಮೇಲೆ ಹೊಟ್ಟೆ ತೊಳಸುತ್ತೆ ನೋಡು."

ಮುಕ್ಕಾಲು ಪಾಲು ಪತ್ತೆ ಅಲ್ಲೇ ಆಗಿಹೋಯಿತು. ದೋಷ ಇದ್ದದ್ದು ಕತ್ತಿನಲ್ಲಲ್ಲ, ಎಡಗಿವಿಯ ಒಳಗೆ. ಆ ಎರಡು ಪ್ರಶ್ನೆಗಳನ್ನು ನೀವೂ ಕೇಳಿಕೊಳ್ಳಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು: ಇವು ಇದ್ದರೆ ಓದುವುದು ನಿಲ್ಲಿಸಿ

ತಲೆ ಸುತ್ತಿನ ಜೊತೆ ಮಾತು ತೊದಲುತ್ತಿದೆಯೇ? ಒಂದು ವಸ್ತು ಎರಡಾಗಿ ಕಾಣುತ್ತಿದೆಯೇ? ಬಾಯಿ ಒಂದು ಕಡೆ ಸೊಟ್ಟಗಾಗಿದೆಯೇ? ಒಂದು ಕಡೆಯ ಕೈಕಾಲು ಸೋತಿದೆಯೇ, ಮರಗಟ್ಟಿದೆಯೇ? ಎಂಜಲು ನುಂಗಲು ಕಷ್ಟವೇ? ಹಿಂದೆಂದೂ ಬರದಂಥ ತಲೆನೋವೋ ಕತ್ತುನೋವೋ ದಿಢೀರ್ ಶುರುವಾಗಿದೆಯೇ? ಆಸರೆ ಇಲ್ಲದೆ ನಿಲ್ಲಲೂ ಆಗುತ್ತಿಲ್ಲವೇ? ಇದರಲ್ಲಿ ಒಂದಿದ್ದರೂ ಮೆದುಳಿನ ಹಿಂಭಾಗಕ್ಕೆ ರಕ್ತ ಹೋಗುವುದು ನಿಂತಿರಬಹುದು, ಅಂದರೆ ಪಾರ್ಶ್ವವಾಯು. 108ಕ್ಕೆ ಫೋನ್ ಮಾಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. "ಪಿತ್ತ ಆಗಿರಬೇಕು, ನಿಂಬೆ ಶರಬತ್ತು ಕುಡಿದು ಮಲಗಿ" ಎಂದು ಮಲಗಿಸಿದರೆ ಆ ಹೊತ್ತು ಕೈಜಾರುತ್ತದೆ. ಇನ್ನೊಂದು ಮಾತು. ಮೆದುಳಿನ ಹಿಂಭಾಗದ ಪಾರ್ಶ್ವವಾಯು ಮೊದಮೊದಲು ಸಿಟಿ ಸ್ಕ್ಯಾನ್‌ನಲ್ಲಿ ಕಾಣದೇ ಹೋಗಬಹುದು. "ಸ್ಕ್ಯಾನ್ ನಾರ್ಮಲ್" ಎಂದು ಕೇಳಿದರೂ ಮೇಲಿನ ಲಕ್ಷಣ ಉಳಿದಿದ್ದರೆ ಡಾಕ್ಟರಿಗೆ ಮತ್ತೆ ಹೇಳಿ.

ತಲೆ ಸುತ್ತಿನ ಜೊತೆ ಎದೆ ನೋವು, ಎದೆ ಹೊಡೆತದಲ್ಲಿ ಏರುಪೇರು, ಪ್ರಜ್ಞೆ ತಪ್ಪಿ ಬೀಳುವುದು ಇದ್ದರೂ ಅಷ್ಟೇ, ಆಸ್ಪತ್ರೆಗೆ ಹೊರಡಿ. ಒಂದು ಕಿವಿ ದಿಢೀರನೆ ಕೇಳಿಸದಂತಾದರೆ ಅದೇ ದಿನ ಕಿವಿ ಡಾಕ್ಟರನ್ನು ನೋಡಿ. ಅದಕ್ಕೆ ಬೇಗ ಶುರುಮಾಡಿದ ಔಷಧಿಯೇ ಕೆಲಸ ಮಾಡುವುದು.

ಎಷ್ಟು ಹೊತ್ತು? ಏನು ಮಾಡುವಾಗ?

ಜನ "ತಲೆ ಸುತ್ತು" ಎನ್ನುವುದು ಹಲವು ಬಗೆಯ ಅನುಭವಕ್ಕೆ. ಕೆಲವರಿಗೆ ಗೋಡೆ, ಫ್ಯಾನು ತಿರುಗುತ್ತದೆ. ಕೆಲವರಿಗೆ ಕಣ್ಣು ಕತ್ತಲೆ ಬರುತ್ತದೆ. ಇನ್ನು ಕೆಲವರಿಗೆ ನಡೆಯುವಾಗ ದೋಣಿಯ ಮೇಲೆ ಕಾಲಿಟ್ಟ ಹಾಗೆ ತೂರಾಡುತ್ತದೆ. ಹೇಗೆ ಅನ್ನಿಸಿತು ಎಂದು ಕೇಳಿದರೆ ಒಬ್ಬರೇ ಬೆಳಿಗ್ಗೆ ಒಂದು ಹೇಳಿ, ಸಂಜೆ ಇನ್ನೊಂದು ಹೇಳುತ್ತಾರೆ. ಅದು ಅವರ ತಪ್ಪಲ್ಲ. ಆ ಅನುಭವಕ್ಕೆ ಮಾತು ಹುಡುಕುವುದೇ ಕಷ್ಟ. ಆದರೆ ಎಷ್ಟು ಹೊತ್ತು ಇತ್ತು, ಏನು ಮಾಡುವಾಗ ಶುರುವಾಯಿತು ಎಂಬುದನ್ನು ಸರಿಯಾಗಿ ಹೇಳುತ್ತಾರೆ. ಹಾಗಾಗಿ ನಾನು ನೆಚ್ಚುವುದು ಅದನ್ನೇ.

ಒಂದು ನಿಮಿಷದ ಒಳಗೆ ನಿಲ್ಲುತ್ತದೆ, ತಲೆ ಹೊರಳಿಸಿದಾಗ ಮಾತ್ರ ಬರುತ್ತದೆ: ಮಲಗುವಾಗ, ಮಗ್ಗುಲಾಗುವಾಗ, ಅಟ್ಟದ ಡಬ್ಬಿಗೆ ಕತ್ತೆತ್ತಿ ಕೈ ಹಾಕುವಾಗ, ಬಗ್ಗಿ ರಂಗೋಲಿ ಇಟ್ಟು ಏಳುವಾಗ. ಇದು ಒಳಗಿವಿಯಲ್ಲಿರುವ ಹರಳಿನಂಥ ಸಣ್ಣ ಕಣ ತನ್ನ ಜಾಗದಿಂದ ಜಾರಿದ್ದು, ಹೇಗೆಂದು ಮುಂದೆ ಹೇಳುತ್ತೇನೆ. ದೊಡ್ಡಮ್ಮನದು ಇದೇ. ವಯಸ್ಸಾದವರಲ್ಲಿ ತುಂಬ ಜಾಸ್ತಿ, ಅದರಲ್ಲೂ ಹೆಂಗಸರಲ್ಲಿ.

ಕೂತು ಎದ್ದಾಗ ಮಾತ್ರ ಕಣ್ಣು ಕತ್ತಲೆ ಬಂದು, ಮತ್ತೆ ಕೂತರೆ ಸರಿಹೋಗುತ್ತದೆ: ಇದು ರಕ್ತದೊತ್ತಡದ ಕಡೆಯದು. ಇದನ್ನು ಕಣ ಜಾರಿದ್ದರಿಂದ ಬೇರೆ ಮಾಡುವುದು ಸುಲಭ. ಮಲಗಿದಲ್ಲೇ ಹೊರಳಿದಾಗ ರಕ್ತದೊತ್ತಡ ಬೀಳುವುದಿಲ್ಲ. ಮಲಗಿದ್ದಾಗಲೂ ಮಗ್ಗುಲಾದರೆ ಸುತ್ತು ಬರುತ್ತದೆ ಎಂದರೆ ಕಿವಿಯ ಕಡೆ ನೋಡಿ.

ಇಪ್ಪತ್ತು ನಿಮಿಷದಿಂದ ಹಲವು ಗಂಟೆ ಸುತ್ತುತ್ತದೆ, ಜೊತೆಗೆ ಒಂದು ಕಿವಿ ಮುಚ್ಚಿದಂತಾಗಿ, ಗುಂಯ್ ಎಂದು ಕೇಳಿಸುವುದೂ ಕಮ್ಮಿಯಾಗುತ್ತದೆ: ಇದು ಮೆನಿಯೇರ್ ಎಂಬ ಒಳಗಿವಿಯ ಕಾಯಿಲೆ ಇರಬಹುದು. ತಲೆನೋವು ಬರುವವರಲ್ಲಿ, ಬೆಳಕು, ಸದ್ದು ತಡೆಯದವರಲ್ಲಿ ಅಷ್ಟೇ ಹೊತ್ತಿನ ಸುತ್ತು ಮೈಗ್ರೇನ್‌ನಿಂದಲೂ ಬರುತ್ತದೆ.

ದಿಢೀರ್ ಶುರುವಾಗಿ ದಿನಗಟ್ಟಲೆ ಬಿಡದೆ ಸುತ್ತುತ್ತದೆ, ವಾಂತಿ ನಿಲ್ಲುವುದಿಲ್ಲ: ಸಮತೋಲನದ ನರ ಊದಿಕೊಂಡಿರಬಹುದು, ಪಾರ್ಶ್ವವಾಯುವೂ ಆಗಿರಬಹುದು. ಇದನ್ನು ಮನೆಯಲ್ಲಿ ವಿಂಗಡಿಸಲು ಹೋಗಬೇಡಿ.

ಒಳಗಿವಿ ಕೆಲಸ ಮಾಡುವುದು ಹೀಗೆ

ಸ್ಟೀಲ್ ಲೋಟದಲ್ಲಿ ನೊರೆ ಇರುವ ಕಾಫಿ ತಗೊಳ್ಳಿ. ಲೋಟವನ್ನು ಮೇಜಿನ ಮೇಲೆ ಇಟ್ಟು ಚಕ್ಕನೆ ಅರ್ಧ ಸುತ್ತು ತಿರುಗಿಸಿ. ಲೋಟ ತಿರುಗಿತು, ಮೇಲಿನ ನೊರೆ ಮಾತ್ರ ಅಲ್ಲೇ ಉಳಿಯಿತು, ಅಲ್ವಾ? ಒಳಗಿವಿಯಲ್ಲಿ ನಡೆಯುವುದೂ ಇಷ್ಟೇ.

ಒಂದೊಂದು ಕಿವಿಯೊಳಗೂ ಬಳೆಯ ಚೂರಿನಂತೆ ಬಾಗಿದ ಮೂರು ಸಣ್ಣ ಕೊಳವೆಗಳಿವೆ. ಒಂದಕ್ಕೊಂದು ಹೆಚ್ಚುಕಮ್ಮಿ ಅಡ್ಡವಾಗಿ ಕೂತಿವೆ. ಹೌದು ಎಂದು ತಲೆಯಾಡಿಸಿ, ಇಲ್ಲ ಎಂದು ಆಡಿಸಿ, ಹೆಗಲ ಕಡೆ ವಾಲಿಸಿ, ಯಾವ ಕಡೆ ತಿರುಗಿದರೂ ಮೂರರಲ್ಲಿ ಒಂದಕ್ಕಾದರೂ ಗೊತ್ತಾಗುತ್ತದೆ. ಕೊಳವೆಯೊಳಗೆ ದ್ರವ ಇದೆ. ತಲೆ ತಿರುಗಿದಾಗ ಕೊಳವೆ ಜೊತೆಗೇ ತಿರುಗುತ್ತದೆ, ದ್ರವ ಕಾಫಿಯ ನೊರೆಯ ಹಾಗೆ ಹಿಂದುಳಿಯುತ್ತದೆ. ಕೊಳವೆಯ ಬುಡದಲ್ಲಿ ಲೋಳೆಯಂಥ ಪುಟ್ಟ ಪರದೆ ಇದೆ. ಹಿಂದುಳಿದ ದ್ರವ ಅದನ್ನು ಒತ್ತಿ ಬಗ್ಗಿಸುತ್ತದೆ. ಪರದೆಯ ಕೆಳಗಿನ ಕೂದಲೆಳೆಯಂಥ ಜೀವಕೋಶಗಳು "ತಲೆ ಇಂಥ ಕಡೆಗೆ ತಿರುಗಿತು" ಎಂದು ನರದ ಮೂಲಕ ಮೆದುಳಿಗೆ ಸುದ್ದಿ ಕಳಿಸುತ್ತವೆ.

ಮೆದುಳು ಆ ಸುದ್ದಿಯನ್ನು ಕೂಡಲೇ ಕಣ್ಣಿನ ಸ್ನಾಯುಗಳಿಗೆ ದಾಟಿಸುತ್ತದೆ. ಇದನ್ನು ಈಗಲೇ ನೋಡಿಕೊಳ್ಳಬಹುದು. ಈ ಸಾಲನ್ನು ಓದುತ್ತಾ ಫೋನು ಅಲುಗಾಡಿಸದೆ ತಲೆಯನ್ನು ಬೇಗ ಬೇಗ ಅತ್ತಿತ್ತ ಆಡಿಸಿ. ಅಕ್ಷರ ಓದಲು ಬರುತ್ತದೆ. ಈಗ ತಲೆ ಅಲುಗಿಸದೆ ಫೋನನ್ನು ಅಷ್ಟೇ ಬೇಗ ಆಡಿಸಿ. ಅಕ್ಷರ ಕಲಸಿಹೋಗುತ್ತದೆ. ತಲೆ ಆಡಿದಾಗ ಅಕ್ಷರವನ್ನು ಹಿಡಿದಿಟ್ಟದ್ದು ನಿಮ್ಮ ಕಿವಿ. ಈ ಪ್ರಯೋಗ ನನಗೆ ಈಗಲೂ ಅಚ್ಚರಿ ಕೊಡುತ್ತದೆ. ಹಳ್ಳದ ರಸ್ತೆಯಲ್ಲಿ ಬಸ್ಸು ಕುಲುಕುವಾಗಲೂ ಎದುರಿನ ಬೋರ್ಡು ಓದಲು ಬರುವುದು ಈ ಪುಟ್ಟ ಕೊಳವೆಗಳಿಂದ.

ಕಿವಿಗೂ ಕಣ್ಣಿಗೂ ಇರುವ ಈ ನಂಟನ್ನು ವಿಯೆನ್ನಾದ ಕಿವಿ ಡಾಕ್ಟರ್ ರಾಬರ್ಟ್ ಬಾರಾನಿ ಹಿಡಿದದ್ದು ರೋಗಿಗಳ ದೂರಿನಿಂದ. ಕಿವಿ ತೊಳೆಯಲು ಬಳಸಿದ ನೀರು ತಣ್ಣಗಿದ್ದರೆ ಅವರಿಗೆ ತಲೆ ಸುತ್ತುತ್ತಿತ್ತು, ಕಣ್ಣುಗುಡ್ಡೆ ಒಂದು ದಿಕ್ಕಿಗೆ ಜಿಗಿಯುತ್ತಿತ್ತು. ನೀರು ಬಿಸಿಯಿದ್ದರೆ ಎದುರು ದಿಕ್ಕಿಗೆ. ಬಿಸಿ, ತಂಪು ತಗುಲಿ ಒಳಗಿನ ದ್ರವ ಹರಿಯುತ್ತದೆ ಎಂದು ಅವರು ವಿವರಿಸಿದರು. ಅದಕ್ಕೆ 1914ರ ನೊಬೆಲ್ ಬಂತು. ಸುದ್ದಿ ತಲುಪುವಾಗ ಅವರು ರಷ್ಯಾದಲ್ಲಿ ಯುದ್ಧಕೈದಿ.

ಇನ್ನು ಕಣಗಳ ವಿಷಯ. ಮೂರು ಕೊಳವೆಗಳು ಬಂದು ಸೇರುವ ಕಡೆ ಒಂದು ಪುಟ್ಟ ಚೀಲವಿದೆ. ಅದರ ಕೆಲಸ ಬೇರೆ: ಮೇಲು ಯಾವುದು ಕೆಳಗು ಯಾವುದು, ಗಾಡಿ ಮುಂದೆ ಹೋಗುತ್ತಿದೆಯೋ ನಿಂತಿತೋ ಎಂದು ತಿಳಿಸುವುದು. ಅಲ್ಲಿನ ಜೀವಕೋಶಗಳ ಮೇಲೆ ಒಂದು ಲೋಳೆಪದರ, ಅದರ ಮೇಲೆ ಸಾವಿರಾರು ಕಣಗಳು. ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು, ಮೊಟ್ಟೆಯ ಚಿಪ್ಪು ಆಗಿರುವುದು ಯಾವುದರಿಂದಲೋ ಅದರಿಂದಲೇ. ಭಾರಕ್ಕಾಗಿ ಅವು ಅಲ್ಲಿವೆ. ತಲೆ ವಾಲಿದ ಕಡೆಗೆ ಹರಳು ಎಳೆಯುತ್ತದೆ, ಕೋಶಕ್ಕೆ ಗೊತ್ತಾಗುತ್ತದೆ.

ವಯಸ್ಸಾದಾಗ, ತಲೆಗೆ ಪೆಟ್ಟು ಬಿದ್ದಾಗ, ಜ್ವರವೋ ಆಪರೇಷನ್ನೋ ಆಗಿ ತುಂಬ ದಿನ ಮಲಗಿದ್ದಾಗ ಒಂದಷ್ಟು ಹರಳು ಪದರದಿಂದ ಕಳಚಿಕೊಳ್ಳುತ್ತವೆ. ಕಳಚಿ ಕೊಳವೆಯೊಳಗೆ ಬಿದ್ದರೆ ಅಲ್ಲಿಂದ ತೊಂದರೆ ಶುರು. ಎದ್ದು ಕೂತಿದ್ದಾಗ ಕೊಳವೆಯ ತಳದಲ್ಲಿ ಸುಮ್ನೆ ಬಿದ್ದಿರುತ್ತವೆ. ಮಲಗಿದ ಕೂಡಲೇ ತಳ ಬೇರೆ ಕಡೆ ಆಗುತ್ತದೆ. ಹರಳುಗಳು ಅತ್ತ ಜಾರುತ್ತಾ ದ್ರವವನ್ನೂ ಎಳೆದುಕೊಂಡು ಹೋಗುತ್ತವೆ. ಪರದೆ ಬಗ್ಗುತ್ತದೆ. ನಿಮ್ಮ ತಲೆ ದಿಂಬಿನ ಮೇಲೆ ನಿಂತಿದೆ, ಆದರೆ ಒಂದು ಕಿವಿ ಮಾತ್ರ "ತಿರುಗುತ್ತಿದೆ, ತಿರುಗುತ್ತಿದೆ" ಎನ್ನುತ್ತಿದೆ. ಮೆದುಳು ಅದನ್ನು ನಂಬಿ ಕಣ್ಣುಗುಡ್ಡೆಯನ್ನು ಓಡಿಸುತ್ತದೆ. ಕಣ್ಣು ಓಡಿದರೆ ಗೋಡೆ ತಿರುಗಿದಂತೆ ಕಾಣದೆ ಇನ್ನೇನು? ಹರಳು ಹೊಸ ತಳಕ್ಕೆ ಬಂದು ಕೂತ ಮೇಲೆ ಎಲ್ಲ ನಿಲ್ಲುತ್ತದೆ. ದೊಡ್ಡಮ್ಮನ ಇಪ್ಪತ್ತು ರಾಮನಾಮದ ಲೆಕ್ಕ ಅದೇ.

ಪರೀಕ್ಷೆ: ಯಾವ ಕಿವಿ?

ಇದಕ್ಕೆ ಸ್ಕ್ಯಾನ್ ಬೇಕಿಲ್ಲ, ಮಂಚ ಸಾಕು. 1952ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ವಿವರಿಸಿದ ವಿಧಾನ ಇದು. ಮೊದಲ ಸಲ ಕಿವಿ ಡಾಕ್ಟರ್ ಅಥವಾ ಇದನ್ನು ಬಲ್ಲ ಫಿಸಿಯೋ ಹತ್ತಿರವೇ ಮಾಡಿಸಿ. ಕತ್ತಿನ ಆಪರೇಷನ್ ಆಗಿದ್ದರೆ, ಸಂಧಿವಾತದಿಂದ ಕತ್ತು ಹಾಳಾಗಿದ್ದರೆ, ಕತ್ತಿನ ರಕ್ತನಾಳ ಕಟ್ಟಿಕೊಂಡಿದ್ದರೆ, ಕಣ್ಣಿನ ರೆಟಿನಾ ಕಳಚಿದ್ದರೆ ಮನೆಯಲ್ಲಿ ಪ್ರಯತ್ನಿಸಬೇಡಿ.

ದೊಡ್ಡಮ್ಮನನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿದೆ. ಕಾಲರ್ ಬಿಚ್ಚಿಸಿದೆ. ತಲೆಯನ್ನು ಮೊದಲು ಬಲಕ್ಕೆ ಅರ್ಧ, ಅಂದರೆ 45 ಡಿಗ್ರಿಯಷ್ಟು ತಿರುಗಿಸಿ, ಹಾಗೇ ಬೇಗ ಹಿಂದಕ್ಕೆ ಮಲಗಿಸಿದೆ. ಬೆನ್ನ ಕೆಳಗೆ ದಿಂಬು ಇದ್ದುದರಿಂದ ತಲೆ ಸ್ವಲ್ಪ ಕೆಳಗೆ ಇಳಿಯಿತು. ಅರ್ಧ ನಿಮಿಷ ಕಾದೆ. ಏನೂ ಇಲ್ಲ. ಎಬ್ಬಿಸಿ ಕೂರಿಸಿ, ಈಗ ಎಡಕ್ಕೆ ತಿರುಗಿಸಿ ಮಲಗಿಸಿದೆ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ನನ್ನ ಮುಂಗೈಯನ್ನು ಗಬಕ್ಕನೆ ಹಿಡಿದುಕೊಂಡರು. ಕಣ್ಣು ಮುಚ್ಚಬೇಡಿ ಎಂದೆ. ಕಣ್ಣುಗುಡ್ಡೆಯ ಮೇಲ್ತುದಿ ನೆಲದ ಕಡೆಯ ಕಿವಿಯತ್ತ ತಿರುಚಿಕೊಂಡು ಜಿಗಿಯುತ್ತಿತ್ತು, ಜೊತೆಗೆ ಹಣೆಯ ಕಡೆಗೂ. ಇಪ್ಪತ್ತು ಸೆಕೆಂಡಿನಲ್ಲಿ ನಿಧಾನವಾಗಿ ನಿಂತಿತು.

ಇಲ್ಲಿ ಮೂರು ವಿಷಯ ಗಮನಿಸಬೇಕು. ಮಲಗಿದ ತಕ್ಷಣ ಶುರುವಾಗಲಿಲ್ಲ, ಕೆಲವು ಸೆಕೆಂಡು ತಡವಾಯಿತು, ಏಕೆಂದರೆ ಹರಳು ಜಾರತೊಡಗಲು ಹೊತ್ತು ಬೇಕು. ಜಾಸ್ತಿಯಾಗಿ ಕಮ್ಮಿಯಾಯಿತು. ಒಂದು ನಿಮಿಷದೊಳಗೆ ನಿಂತಿತು. ಯಾವ ಕಿವಿ ಕೆಳಗಿದ್ದಾಗ ಹೀಗಾಯಿತೋ ದೋಷ ಆ ಕಿವಿಯದು. ಕಣ್ಣು ನೇರ ಕೆಳಕ್ಕೆ ಜಿಗಿದರೆ, ಅಥವಾ ಮಲಗಿದಷ್ಟು ಹೊತ್ತೂ ನಿಲ್ಲದಿದ್ದರೆ ಇದು ಬೇರೆ ಏನೋ. ಆಗ ನರರೋಗ ತಜ್ಞರು ನೋಡಲಿ.

ರಿಪೇರಿ

ಹರಳು ಬಿದ್ದದ್ದು ಕೊಳವೆಯ ದಾರಿಯಲ್ಲಿ. ಅದೇ ದಾರಿಯಲ್ಲಿ ಉರುಳಿಸಿ ಚೀಲಕ್ಕೆ ವಾಪಸ್ ಬೀಳಿಸಬೇಕು. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಜಾನ್ ಎಪ್ಲಿ ಇದರ ವಿಧಾನ ಕಂಡುಹಿಡಿದರು. ತಲೆ ಹೊರಳಿಸಿದರೆ ಕಾಯಿಲೆ ವಾಸಿಯಾಗುತ್ತದೆ ಎಂದರೆ ಜೊತೆಯ ಡಾಕ್ಟರುಗಳೇ ಬಹಳ ವರ್ಷ ನಂಬಲಿಲ್ಲ. 1992ರಲ್ಲಿ ಅವರ ಲೇಖನ ಪ್ರಕಟವಾಯಿತು, ಈಗ ಜಗತ್ತಿನ ಹಲವು ಕಡೆ ಮೊದಲು ಮಾಡುವ ಚಿಕಿತ್ಸೆಗಳಲ್ಲಿ ಇದೂ ಒಂದು.

ಎಡಗಿವಿಗೆ ಹೀಗೆ:

1. ಕೂತು ತಲೆ ಎಡಕ್ಕೆ 45 ಡಿಗ್ರಿ. ಹಾಗೇ ಹಿಂದಕ್ಕೆ ಮಲಗಿ, ತಲೆ ತುಸು ಕೆಳಗಿರಲಿ. ಸುತ್ತು ಬರುತ್ತದೆ, ಬರಲಿ. ನಿಂತ ಮೇಲೂ ಅರ್ಧ ನಿಮಿಷ ಹಾಗೇ ಇರಿ.
2. ತಲೆ ಎತ್ತದೆ ಬಲಕ್ಕೆ 90 ಡಿಗ್ರಿ ತಿರುಗಿಸಿ. ಮತ್ತೆ ಅರ್ಧ ನಿಮಿಷದಿಂದ ಒಂದು ನಿಮಿಷ.
3. ಮೈಯನ್ನೂ ಬಲಮಗ್ಗುಲಿಗೆ ಹೊರಳಿಸಿ, ಮೂಗು ನೆಲ ನೋಡುವ ಹಾಗೆ ಮುಖ ಕೆಳಗೆ ಮಾಡಿ. ಮತ್ತೆ ಅಷ್ಟೇ ಹೊತ್ತು.
4. ಗದ್ದ ಎದೆಗೆ ತಾಗುವಂತೆ ಇಟ್ಟುಕೊಂಡು ಬಲಗಡೆಯಿಂದಲೇ ಕಾಲು ಇಳಿಬಿಟ್ಟು ಎದ್ದು ಕೂರಿ.

ಬಲಗಿವಿಗೆ ಎಡ ಬಲ ಅದಲುಬದಲು. ಪಕ್ಕದಲ್ಲಿ ಒಬ್ಬರು ಇರಲೇಬೇಕು, ಎದ್ದು ಕೂತ ಕ್ಷಣ ಜೋಲಿ ತಪ್ಪಬಹುದು. ಊಟ ಆದ ಕೂಡಲೇ ಮಾಡಬೇಡಿ, ವಾಂತಿಯಾಗುತ್ತದೆ.

ಹೆಚ್ಚಿನವರಿಗೆ ಒಂದರಿಂದ ಮೂರು ಸಲದಲ್ಲಿ ವಾಸಿ. ದೊಡ್ಡಮ್ಮನಿಗೆ ಎರಡನೇ ಸಲಕ್ಕೆ ನಿಂತಿತು. ಮಾರನೆಯ ಬೆಳಿಗ್ಗೆ ಎಡಮಗ್ಗುಲಾಗಿ ಸುಮ್ಮನೆ ಮಲಗಿಯೇ ಇದ್ದರು, ಏಳಲಿಲ್ಲ. ಏನು ದೊಡ್ಡಮ್ಮ ಎಂದು ಕೇಳಿದರೆ, "ಇರು ಮಗಾ, ಎಷ್ಟು ದಿನ ಆಗಿತ್ತು ಈ ಕಡೆ ಮಲಗಿ" ಎಂದರು. ಎರಡು ಮೂರು ದಿನ ತೇಲಿದ ಹಾಗೆ ಅನ್ನಿಸುತ್ತದೆ, ಅದು ತಾನಾಗಿ ಹೋಗುತ್ತದೆ. ಚಿಕಿತ್ಸೆಯಾದ ಮೇಲೆ ಕೂತೇ ನಿದ್ದೆ ಮಾಡಬೇಕು ಎಂದು ಹಿಂದೆ ಹೇಳುತ್ತಿದ್ದರು, ಈಗ ಅದರ ಅಗತ್ಯವಿಲ್ಲ.

ಮಾತ್ರೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮಾತ್ರೆ ಹರಳನ್ನು ಸರಿಸಲಾರದು. ಸಿನ್ನರಿಝಿನ್, ಪ್ರೋಕ್ಲೋರ್‌ಪೆರಝಿನ್‌ನಂಥವು ವಾಂತಿ, ಸುತ್ತು ತಡೆಯಲಾರದಷ್ಟು ಇದ್ದಾಗ ಕೆಲವು ದಿನಕ್ಕೆ ಒಳ್ಳೆಯವು. ತಿಂಗಳುಗಟ್ಟಲೆ ನುಂಗಿದರೆ ಮೆದುಳು ತಾನಾಗಿ ಹೊಂದಿಕೊಳ್ಳುವುದಕ್ಕೇ ಅಡ್ಡಿ. ವಯಸ್ಸಾದವರಲ್ಲಿ ಕೈ ನಡುಕ, ಮೈ ಬಿಗಿತ, ನಡಿಗೆ ನಿಧಾನವಾಗುವುದು ಪಾರ್ಕಿನ್ಸನ್ ಕಾಯಿಲೆಯ ಹಾಗೇ ಕಾಣಿಸಿಕೊಳ್ಳಬಹುದು. ನಿಮ್ಮ ಮನೆಯ ಹಿರಿಯರು ಹೀಗೆ ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ತರಿಸುತ್ತಲೇ ಇದ್ದರೆ, ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ, ಇದು ಇನ್ನೂ ಬೇಕೇ ಎಂದು ಕೇಳಿ.

ಸರಿಹೋಗದಿದ್ದರೆ

ಹರಳು ಇನ್ನೊಂದು ಕೊಳವೆಯಲ್ಲಿರಬಹುದು. ಜಾಸ್ತಿ ಬೀಳುವುದು ಹಿಂಬದಿಯ ಕೊಳವೆಗೆ, ಮೇಲಿನ ವಿಧಾನ ಅದಕ್ಕೆ. ಅಡ್ಡ ಕೊಳವೆಗೆ ಬಿದ್ದಿದ್ದರೆ ಎರಡೂ ಮಗ್ಗುಲಲ್ಲಿ ಸುತ್ತು ಬರುತ್ತದೆ, ಒಂದು ಕಡೆ ಜೋರಾಗಿ. ಅದಕ್ಕೆ ಪರೀಕ್ಷೆಯೂ ಬೇರೆ, ಹೊರಳಿಸುವ ಕ್ರಮವೂ ಬೇರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಣ್ಣಿನ ಚಲನೆಯನ್ನು ಯಂತ್ರದಲ್ಲಿ ದಾಖಲಿಸಿ ನೋಡುತ್ತಾರೆ.

ಎದ್ದಾಗ ಮಾತ್ರ ಬರುವ ಸುತ್ತಿಗೆ ಬಿಪಿ ಮಿಷನ್ ಸಾಕು. ಐದು ನಿಮಿಷ ಮಲಗಿ ಬಿಪಿ ನೋಡಿ. ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಕಾರಣ ಸಿಕ್ಕಿತು. ನಿಂತಾಗ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹೊಟ್ಟೆ, ಕಾಲಿನ ಕಡೆ ಇಳಿಯುತ್ತದೆ. ಕತ್ತಿನ ರಕ್ತನಾಳದಲ್ಲಿರುವ ಒತ್ತಡದ ಕಾವಲುಗಾರ ಕೂಡಲೇ ಎಚ್ಚರಿಸಿ, ಹೃದಯವನ್ನು ಜೋರಾಗಿ ಬಡಿಸಿ, ನಾಳಗಳನ್ನು ಬಿಗಿ ಮಾಡಿಸಬೇಕು. ನೀರು ಕಮ್ಮಿ ಕುಡಿದರೆ, ಬೇಸಿಗೆಯಲ್ಲಿ ಭೇದಿಯಾದರೆ, ಹಳೇ ಶುಗರ್ ಇದ್ದರೆ ಈ ಏರ್ಪಾಡು ಸೋಲುತ್ತದೆ. ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ, ಗಂಡಸರ ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್‌ನಿಂದಲೂ ಆಗಬಹುದು. ಓದಿ ಗಾಬರಿಯಾಗಿ ಮಾತ್ರೆ ನಿಲ್ಲಿಸಬೇಡಿ, ಅಂಕಿಗಳನ್ನು ಬರೆದುಕೊಂಡು ಹೋಗಿ ತೋರಿಸಿ.

ಬೆಳಕಿನಲ್ಲಿ ಸರಿ, ರಾತ್ರಿ ಬಚ್ಚಲಿಗೆ ಹೋಗುವಾಗ, ಕಣ್ಣು ಮುಚ್ಚಿ ಮುಖ ತೊಳೆಯುವಾಗ ಮಾತ್ರ ತೂರಾಡುತ್ತದೆ ಎಂದರೆ ಪಾದದ ಸ್ಪರ್ಶ ನೋಡಿಸಿ. ಕಣ್ಣು, ಕಿವಿ, ಪಾದ ಮೂರೂ ಸೇರಿ ನಮ್ಮನ್ನು ನಿಲ್ಲಿಸುತ್ತವೆ. ಶುಗರ್‌ನಿಂದ ಪಾದ ಜೋಮು ಹಿಡಿದಿದ್ದರೆ ಕತ್ತಲಲ್ಲಿ ಕಣ್ಣಿನ ಆಸರೆಯೂ ತಪ್ಪುತ್ತದೆ. ಬಚ್ಚಲ ದಾರಿಗೆ ಒಂದು ಸಣ್ಣ ದೀಪ ಇಂದೇ ಹಾಕಿಸಿ. ಸುಸ್ತು, ಏದುಸಿರು ಜೊತೆಗಿದ್ದರೆ ರಕ್ತ ಕಮ್ಮಿಯಿದೆಯೇ ನೋಡಿಸಿ. ಬೆವರು, ನಡುಕ, ಹಸಿವಿನ ಜೊತೆ ಬಂದರೆ ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದರೆ ಮೊದಲು ಸಕ್ಕರೆ ನೀರು ಕುಡಿಸಿ.

ಹರಳು ಜಾರುವುದು ಮತ್ತೆ ಬರಬಹುದು. ಮೈಯಲ್ಲಿ ವಿಟಮಿನ್ ಡಿ ತೀರಾ ಕಮ್ಮಿಯಿದ್ದವರಿಗೆ ಅದನ್ನು ಸರಿಪಡಿಸಿದರೆ ಮರುಕಳಿಸುವುದು ತಗ್ಗುತ್ತದೆ ಎಂದು ಕೊರಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ದೊಡ್ಡಮ್ಮನಿಗೂ ಮತ್ತೆ ಬಂತು, ಒಂದು ವರ್ಷದ ಮೇಲೆ. ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದರು. "ಮಗಾ, ಈ ಸಲ ಬಲಗಡೆ ಕಣೇ. ಮಗ್ಗುಲಾದ ಮೇಲೆ ಮೂರು ಎಣಿಸೋ ಹೊತ್ತಿಗೆ ಶುರುವಾಗುತ್ತೆ, ಹದಿನೈದಕ್ಕೆ ನಿಲ್ಲುತ್ತೆ. ಮಾತು ಚೆನ್ನಾಗಿದೆ, ಕೈಕಾಲು ಚೆನ್ನಾಗಿದೆ, ಸೊಸೆ ಹತ್ರ ನೋಡಿಸ್ದೆ. ಯಾವಾಗ ಬರ್ತೀಯ?"